ಹೆಜ್ಜೆಯ ಲೆಕ್ಕ, ಮಾತ್ರೆಯ ಲೆಕ್ಕ

ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಆಜ್ಞಾಪಿಸಿದಾಗ, ಎಂದಿನಂತೆ ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಪುಟ ಬರೆದರೆ ಸಾಕೆಂದು ಭಾವಿಸಿದ್ದೆನು. ಆದರೆ ಲೇಖನಿ ಹಿಡಿದು ಕುಳಿತಾಗ ಮನಸ್ಸು ಅತ್ತ ಹೋಗಲೊಲ್ಲದು. ಕಳೆದ ವರ್ಷವೆಲ್ಲ ನನ್ನ ಚಿತ್ತವನ್ನು ಆವರಿಸಿಕೊಂಡಿದ್ದುದು ಮುಷ್ಟಿಗಾತ್ರದ ಒಂದು ಮೋಟಾರು. ಕನ್ನಡ ಪಂಡಿತನಿಗೂ ಮೋಟಾರಿಗೂ ಏನು ಸಂಬಂಧವೆಂದು ನನ್ನ ಹಳೆಯ ಶಿಷ್ಯರು ನಕ್ಕಾರು. ನಾನೂ ಮೊದಲು ನಕ್ಕವನೇ. ಆ ಮೋಟಾರಿನಿಂದ ನಾನು ಕಲಿತ ಪಾಠವೊಂದುಂಟು, ತೀರಿಸಬೇಕಾದ ಹಳೆಯ ಋಣವೊಂದುಂಟು. ಅವೆರಡನ್ನೂ ವಾಚಕ ಮಹಾಶಯರ ಮುಂದೆ ನಿವೇದಿಸುವುದೇ ಈ ಬರಹದ ಉದ್ದೇಶ.

ಪಾಠಶಾಲೆಯಲ್ಲಿ ಗುರುಮುಖದಿಂದ ಕಲಿತು, ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳನ್ನು ಮುಗಿಸಿ, 1994ರಲ್ಲಿ ನಾನು ಈ ಶಾಲೆಯ ಸೇವೆಗೆ ಸೇರಿದೆನು. ಆಗ ಮಠದ ಗ್ರಂಥಭಂಡಾರದಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಓಲೆಗರಿಯ ಕಟ್ಟು ಇತ್ತು. ಸಮೀಪದ ಹಳ್ಳಿಯ ಮನೆತನವೊಂದು ಹಿಂದೆಂದೋ ಮಠಕ್ಕೆ ಒಪ್ಪಿಸಿದ್ದು. ಭಾಮಿನಿ ಷಟ್ಪದಿಯಲ್ಲಿ ರಚಿತವಾದ ಪುರಾಣ ಕಾವ್ಯ. ಕರ್ತೃವಿನ ಹೆಸರುಳ್ಳ ಓಲೆ ಸಿಕ್ಕಿಲ್ಲ. ಓಲೆಯೊಂದಕ್ಕೆ ಉದ್ದ ಸುಮಾರು 38 ಸೆಂಟಿಮೀಟರು, ಅಗಲ ನಾಲ್ಕಕ್ಕೂ ಕಡಿಮೆ. ಓಲೆ ಬರೆದವರು ಪದ್ಯವನ್ನು ನಮ್ಮ ಹಾಗೆ ಪಾದಪಾದವಾಗಿ ಬಿಡಿಸಿ ಬರೆಯುತ್ತಿರಲಿಲ್ಲ. ಸಾಲು ತುಂಬುವವರೆಗೆ ಅಕ್ಷರಗಳನ್ನು ಒತ್ತೊತ್ತಾಗಿ ಕೊರೆದು, ಸಾಲು ತುಂಬಿದೊಡನೆ ಮುಂದಿನ ಸಾಲಿಗೆ ತಿರುಗುತ್ತಿದ್ದರು. ಎಲ್ಲಿ ಪಾದ ಮುಗಿಯಿತು, ಎಲ್ಲಿ ಪದ್ಯ ಮುಗಿಯಿತು ಎಂಬುದನ್ನು ಓದುವವನು ಮಾತ್ರೆ ಎಣಿಸಿ, ಪ್ರಾಸಾಕ್ಷರವನ್ನು ಹಿಡಿದು ಕಂಡುಕೊಳ್ಳಬೇಕು. ಭಾಮಿನಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ ತಲಾ 14 ಮಾತ್ರೆ, ಮೂರು ಮತ್ತು ಆರನೆಯ ಪಾದಗಳಿಗೆ ಕೊನೆಯ ಗುರುವೂ ಸೇರಿ ತಲಾ 23, ಒಟ್ಟು 102. ಈ ಲೆಕ್ಕ ನನಗೆ ಉಸಿರಾಟದಷ್ಟು ಸಹಜವಾದುದು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಲ್ಲಿ ಎಂಜಿನಿಯರಾಗಿದ್ದಾರೆ. ಹೆಸರು ಹೇಳಬಾರದೆಂಬುದು ಅವರ ಅಪೇಕ್ಷೆ. ಕಳೆದ ಜಾತ್ರೆಗೆ ಬಂದಾಗ ಅವರು ಈ ಕಟ್ಟನ್ನು ನೋಡಿ, "ಗುರುಗಳೇ, ಓಲೆಗಳು ಅಂಚಿನಲ್ಲಿ ಪುಡಿಯಾಗುತ್ತಿವೆ. ಇವುಗಳ ಛಾಯಾಚಿತ್ರ ತೆಗೆದಿಡದಿದ್ದರೆ ಮುಂದಿನ ತಲೆಮಾರಿಗೆ ಬರಿಯ ಬಟ್ಟೆ ಉಳಿದೀತು" ಎಂದರು. ನಾನು ನನ್ನ ಮೊಬೈಲಿನಿಂದ ಒಂದು ಓಲೆಯ ಚಿತ್ರ ತೆಗೆದು ತೋರಿಸಿದೆನು. ಇಡೀ ಓಲೆ ಚಿತ್ರದಲ್ಲಿ ಬಂದಿತ್ತು, ಆದರೆ ಅಕ್ಷರಗಳು ಇರುವೆಯ ಸಾಲಿನಂತೆ ಕಾಣುತ್ತಿದ್ದುವು. ಒತ್ತಕ್ಷರಗಳು ಹಿಗ್ಗಿಸಿದರೆ ಮಸುಕಾಗಿಬಿಡುತ್ತಿದ್ದುವು. ಕಾಗದದ ಪ್ರತಿ ತೆಗೆಯುವ ಸ್ಕ್ಯಾನರಿನ ಗಾಜಿನಡಿ ಇಟ್ಟು ಒತ್ತಿದರೆ ಬಾಗಿದ ಓಲೆ ಸೀಳುವ ಭಯ. ಇದಕ್ಕೆ ಅವರು ಸೂಚಿಸಿದ ಉಪಾಯ ಸರಳ: ಕ್ಯಾಮೆರಾ ಮೇಲೆ ಸ್ಥಿರವಾಗಿರಲಿ, ಓಲೆಯನ್ನು ಒಂದು ಹಲಗೆಯ ಮೇಲೆ ಮಲಗಿಸಿ, ಹಲಗೆಯನ್ನೇ ಅಳತೆ ತಪ್ಪದಂತೆ ಸರಿಸುತ್ತ, ಒಂದೊಂದು ಭಾಗದ ಚಿತ್ರವನ್ನು ಹತ್ತಿರದಿಂದ ತೆಗೆಯುವುದು, ಬಳಿಕ ಚಿತ್ರಗಳನ್ನು ಜೋಡಿಸುವುದು. ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಿನ ಒಂಬತ್ತನೆಯ ತರಗತಿಯ ಮಕ್ಕಳೇ ಇದನ್ನು ಮಾಡಬಲ್ಲರೆಂದು ಹೇಳಿ, ಬೇಕಾದ ಸಾಮಗ್ರಿಯನ್ನು ಅವರೇ ಕಳುಹಿಸಿಕೊಟ್ಟರು.

ಮೂವರು ಮಕ್ಕಳು, ಇಬ್ಬರು ಹುಡುಗರು ಮತ್ತು ಒಬ್ಬ ಹುಡುಗಿ, ವಿಜ್ಞಾನದ ಮೇಷ್ಟ್ರ ಮಾರ್ಗದರ್ಶನದಲ್ಲಿ ಆ ಯಂತ್ರವನ್ನು ಕಟ್ಟಿದರು. ನನ್ನ ಕೆಲಸ ಓಲೆಯನ್ನು ಬಿಡಿಸಿ ಇಡುವುದು ಮತ್ತು ತೆಗೆಯುವುದು ಮಾತ್ರ. ಆದರೂ ಸುಮ್ಮನೆ ಕುಳಿತಿರಲಾರದೆ ನಾನು ಪ್ರಶ್ನೆ ಕೇಳತೊಡಗಿದೆನು. ಅವರು ಹೇಳಿಕೊಟ್ಟುದನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುವೆನು.

ಬೀಸಣಿಗೆಯ ಮೋಟಾರಿಗೆ ವಿದ್ಯುತ್ತು ಕೊಟ್ಟರೆ ಅದು ಸುತ್ತುತ್ತಲೇ ಇರುತ್ತದೆ. ಎಷ್ಟು ಸುತ್ತಿತೆಂಬುದು ಅದಕ್ಕೆ ಬೇಕಿಲ್ಲ. ಈ ಸ್ಟೆಪ್ಪರ್ ಮೋಟಾರು ಹಾಗಲ್ಲ. ಇದು ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಒಳಗೆ 50 ಹಲ್ಲುಗಳುಳ್ಳ ಅಯಸ್ಕಾಂತದ ಚಕ್ರವೊಂದಿದೆ. ಅದರ ಸುತ್ತ ಎರಡು ಪಂಗಡದ ತಂತಿಸುರುಳಿಗಳಿವೆ. ಸುರುಳಿಗಳಲ್ಲಿ ವಿದ್ಯುತ್ತಿನ ದಿಕ್ಕನ್ನು ಒಂದು ಕ್ರಮದಲ್ಲಿ ಬದಲಿಸಿದಾಗ ಚಕ್ರವು ಒಂದೊಂದೇ ಹೆಜ್ಜೆ ಸರಿಯುತ್ತದೆ. ಒಂದು ಹಲ್ಲಿನಷ್ಟು ದೂರಕ್ಕೆ ನಾಲ್ಕು ಹೆಜ್ಜೆ. ಆದುದರಿಂದ ಪೂರ್ತಿ ಸುತ್ತಿಗೆ 200 ಹೆಜ್ಜೆ. ಒಂದು ಹೆಜ್ಜೆಗೆ 1.8 ಡಿಗ್ರಿ. ವಿದ್ಯುತ್ತನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚಿ ಪ್ರತಿ ಹೆಜ್ಜೆಯನ್ನೂ 16 ಕಿರುಹೆಜ್ಜೆಗಳಾಗಿ ಒಡೆಯುವ ಡ್ರೈವರ್ ಎಂಬ ಪುಟ್ಟ ಫಲಕವೊಂದಿದೆ. ಅಲ್ಲಿಗೆ ಸುತ್ತಿಗೆ 3200 ಕಿರುಹೆಜ್ಜೆಗಳಾದುವು. ಮೋಟಾರಿನ ತುದಿಗೆ ತಿರುಪಿನ ಉದ್ದನೆಯ ಸರಳು. ಅದು ಒಂದು ಸುತ್ತು ತಿರುಗಿದರೆ ಅದರ ಮೇಲಿನ ನಟ್ಟು, ನಟ್ಟಿಗೆ ಬಿಗಿದ ಹಲಗೆ, ಎಂಟು ಮಿಲಿಮೀಟರು ಮುಂದೆ ಸರಿಯುತ್ತದೆ. ಎಂದರೆ ಒಂದು ಮಿಲಿಮೀಟರಿಗೆ 400 ಕಿರುಹೆಜ್ಜೆ.

ಹೆಜ್ಜೆ ಇಡೆಂದು ಹೇಳುವುದು ಕಂಪ್ಯೂಟರಿಗೆ ಜೋಡಿಸಿದ ಆರ್ಡುಯಿನೋ ಎಂಬ ಹಲಗೆ. ಇದು 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ, ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದುದಂತೆ. ಅದರಿಂದ ಡ್ರೈವರಿಗೆ ಹೋಗುವ ತಂತಿಗಳಲ್ಲಿ ಮುಖ್ಯವಾದುವು ಎರಡು. ಒಂದು ಯಾವ ಕಡೆಗೆ ಎಂದು ಹೇಳುತ್ತದೆ. ಇನ್ನೊಂದರಲ್ಲಿ ಮಿಡಿತಗಳು ಹೋಗುತ್ತವೆ. ಒಂದು ಮಿಡಿತಕ್ಕೆ ಒಂದು ಕಿರುಹೆಜ್ಜೆ. ನಮ್ಮ ಯಂತ್ರ 20,000 ಮಿಡಿತ ಕಳುಹಿಸಿ ಹಲಗೆಯನ್ನು 50 ಮಿಲಿಮೀಟರು ಸರಿಸುತ್ತದೆ, ನಿಲ್ಲುತ್ತದೆ, ಅಲುಗಾಟ ಅಡಗಲು ಕ್ಷಣಕಾಲ ಕಾಯುತ್ತದೆ, ಕ್ಯಾಮೆರಾ ಕಣ್ಣು ತೆರೆಯುತ್ತದೆ. ಒಂದು ಚಿತ್ರದಲ್ಲಿ 60 ಮಿಲಿಮೀಟರು ಕಾಣುವುದರಿಂದ ಅಕ್ಕಪಕ್ಕದ ಚಿತ್ರಗಳು ಹತ್ತು ಮಿಲಿಮೀಟರು ಒಂದರ ಮೇಲೊಂದು ಹೊದ್ದುಕೊಳ್ಳುತ್ತವೆ. ಹೀಗೆ ಎಂಟು ಚಿತ್ರಗಳಾದ ಮೇಲೆ ಹಲಗೆ 1,40,000 ಮಿಡಿತಗಳಲ್ಲಿ ಹಿಂದಕ್ಕೆ ಬಂದು ಮೊದಲಿನ ಸ್ಥಾನದಲ್ಲಿ ನಿಲ್ಲುತ್ತದೆ. ನಾನು ಓಲೆಯನ್ನು ಮಗುಚಿ ಇಡುತ್ತೇನೆ. ನಟ್ಟಿಗೂ ತಿರುಪಿಗೂ ನಡುವೆ ಕೂದಲೆಳೆಯಷ್ಟು ಸಡಿಲವಿರುವುದರಿಂದ, ಚಿತ್ರಗಳನ್ನು ಯಾವಾಗಲೂ ಒಂದೇ ದಿಕ್ಕಿನಲ್ಲಿ ಸಾಗುವಾಗಲೇ ತೆಗೆಯಬೇಕೆಂದು ಮಕ್ಕಳು ನನಗೆ ತಿಳಿಸಿಕೊಟ್ಟರು. ಗುರು ಶಿಷ್ಯನಾದ ಸುಖವನ್ನು ನಾನು ಆ ದಿನಗಳಲ್ಲಿ ಕಂಡೆನು.

ಮೂರು ವಾರಗಳಲ್ಲಿ ಕಟ್ಟೆಲ್ಲ ಮುಗಿಯಿತು. ಜಾತ್ರೆಯ ದಿನ ಪೂಜ್ಯ ಶ್ರೀಗಳವರ ಸಮ್ಮುಖದಲ್ಲಿ ಚಿತ್ರಸಂಪುಟವನ್ನು ಅರ್ಪಿಸುವುದೆಂದು ನಿಶ್ಚಯವಾಯಿತು. ಅದಕ್ಕಿನ್ನು ಹದಿನೈದು ದಿನಗಳಿದ್ದುವು. ನಾನು ಪ್ರತಿ ರಾತ್ರಿ ಕಂಪ್ಯೂಟರಿನ ತೆರೆಯ ಮೇಲೆ ಜೋಡಿಸಿದ ಚಿತ್ರಗಳನ್ನು ಓದುತ್ತ ಪದ್ಯಗಳನ್ನು ಬಿಡಿಸಿ ಬರೆದುಕೊಳ್ಳತೊಡಗಿದೆನು. ಕಣ್ಣಿಗೆ ಅಡಗಿದ್ದ ಅಕ್ಷರಗಳು ಬೆರಳ ಗಾತ್ರಕ್ಕೆ ಬೆಳೆದು ನಿಂತಿದ್ದುವು. ಐವತ್ತನೆಯ ಓಲೆಯವರೆಗೆ ನಿರಾತಂಕವಾಗಿ ಸಾಗಿತು. ಐವತ್ತನಾಲ್ಕನೆಯ ಓಲೆಯಲ್ಲಿ ಒಂದು ಪದ್ಯ ಎಡವಿತು. ಎಣಿಸಿದೆನು, 101 ಮಾತ್ರೆ. ಮತ್ತೆ ಎಣಿಸಿದೆನು, ಅಷ್ಟೇ. ಓಲೆ ಬರೆದವನು ಒಂದು ಲಘುವನ್ನು ನುಂಗಿರಬೇಕೆಂದುಕೊಂಡು ಮುಂದೆ ಹೋದೆನು. ಕೈಬರಹದ ಪ್ರತಿಗಳಲ್ಲಿ ಇಂಥದು ಸಾಮಾನ್ಯ; ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಲಿಪಿಕಾರರೇ ಕೊನೆಯಲ್ಲಿ ಬೇಡಿಕೊಳ್ಳುವ ರೂಢಿಯುಂಟು. ಆದರೆ ಐವತ್ತೇಳನೆಯ ಓಲೆಯಲ್ಲಿ ಎರಡೆರಡು ಅಕ್ಷರಗಳಿಲ್ಲ. ಅರವತ್ತನೆಯದರಲ್ಲಿ ಸುಮಾರು ಮೂರು. ಅರವತ್ತೊಂದನೆಯದರಲ್ಲಿ ಎಲ್ಲವೂ ಸರಿ!

ಆ ರಾತ್ರಿ ನಾನು ಕೊರತೆ ಬಿದ್ದ ಸ್ಥಳಗಳಿಗೆಲ್ಲ ಗುರುತು ಹಾಕುತ್ತ ಹೋದೆನು. ಎಲ್ಲವೂ ಓಲೆಯ ಸಾಲಿನ ಆರಂಭದಲ್ಲಿಯೇ ಇದ್ದುವು. ಲಿಪಿಕಾರನು ಮರೆತರೆ ಸಾಲಿನ ನಡುವೆಯೂ ಮರೆಯುತ್ತಾನೆ, ಕೊನೆಗೂ ಮರೆಯುತ್ತಾನೆ. ಹೀಗೆ ಒಂದೇ ಕಡೆ, ಅದೂ ಓಲೆಯಿಂದ ಓಲೆಗೆ ಏರುತ್ತ ಹೋಗಿ, ಒಮ್ಮೆಗೇ ಸರಿಹೋಗುವ ಮರೆವು ಮನುಷ್ಯನದಲ್ಲ. ಮರುದಿನ ಬೆಳಿಗ್ಗೆ ಮಕ್ಕಳನ್ನು ಕರೆದು ಹೇಳಿದೆನು.

"ಗುರುಗಳೇ, ಪ್ರೋಗ್ರಾಂ ಸರಿ ಐತ್ರೀ. ಒಂದು ಮಿಡಿತಾನೂ ಕಡಿಮಿ ಆಗಿಲ್ಲ" ಎಂದು ಹಿರಿಯ ಹುಡುಗ ಲೆಕ್ಕ ತೋರಿಸಿದನು.

"ನೀನು ಕಳಿಸಿದ್ದು ಸರಿ ಇರಬಹುದಪ್ಪಾ. ಮೋಟಾರು ಅಷ್ಟೂ ಹೆಜ್ಜೆ ಇಟ್ಟಿತು ಅಂತ ನಿನಗೆ ಯಾರು ಹೇಳಿದರು?" ಎಂದು ನಾನು ಸಹಜವಾಗಿ ಕೇಳಿದೆನು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗಿ ಮೆಲ್ಲನೆ, "ಯಾರೂ ಹೇಳೂದಿಲ್ರೀ ಗುರುಗಳೇ" ಎಂದಳು. ಈ ಏರ್ಪಾಡಿನಲ್ಲಿ ಕಂಪ್ಯೂಟರು ಹೇಳಬಲ್ಲದು, ಕೇಳಲಾರದು. ಮಿಡಿತಗಳನ್ನು ಕಳುಹಿಸಿ, ಅಷ್ಟೂ ಹೆಜ್ಜೆಗಳು ಬಿದ್ದುವೆಂದು ನಂಬಿಕೊಂಡು ಕುಳಿತಿರುತ್ತದೆ. ಹಾಗೆ ನಂಬುವವನನ್ನು ನಾನು ಕನ್ನಡಿಯಲ್ಲಿಯೂ ಕಂಡಿದ್ದೇನೆ. ನಲವತ್ತು ನಿಮಿಷ ಸಂಧಿಪ್ರಕರಣವನ್ನು ಗಟ್ಟಿಯಾಗಿ ಹೇಳಿ, ಹೇಳಿದ್ದೆಲ್ಲ ಮಕ್ಕಳಿಗೆ ಹತ್ತಿತೆಂದು ತೃಪ್ತಿಯಿಂದ ಹೊರಟುಬಂದ ದಿನಗಳು ನನ್ನ ಮೂವತ್ತು ವರ್ಷಗಳಲ್ಲಿ ಅದೆಷ್ಟೋ.

ಮಕ್ಕಳು ದಿನಚರಿ ತೆಗೆದು ನೋಡಿದರು. 41ರಿಂದ 60ರವರೆಗಿನ ಇಪ್ಪತ್ತು ಓಲೆಗಳು ಒಂದೇ ದಿನ ಆದುವು. ಆ ದಿನ ಬೇಗ ಮುಗಿಸಬೇಕೆಂದು ಹಲಗೆ ಹಿಂತಿರುಗುವ ವೇಗವನ್ನು ಹೆಚ್ಚಿಸಿದ್ದರು. ಶಬ್ದ ಕರ್ಕಶವಾಯಿತೆಂದು ಮರುದಿನ ಮತ್ತೆ ಇಳಿಸಿದ್ದರು. ದಿನದ ಆರಂಭದಲ್ಲಿ ಮಾತ್ರ ಹಲಗೆಯನ್ನು ಕೈಯಿಂದ ಸರಿಯಾದ ಸ್ಥಾನಕ್ಕೆ ತಂದು ನಿಲ್ಲಿಸುವುದು ಅವರ ಪದ್ಧತಿ. ಈಗ ಅದೇ ವೇಗದಲ್ಲಿ ಬರಿಯ ಹಲಗೆಯನ್ನು ಹತ್ತು ಸಲ ಓಡಿಸಿ, ಪಕ್ಕದಲ್ಲಿ ಉಕ್ಕಿನ ಸ್ಕೇಲು ಇಟ್ಟು ನೋಡಿದರು. ಹಲಗೆ ಮೊದಲಿನ ಗೆರೆಗಿಂತ ಎಂಟು ಮಿಲಿಮೀಟರು ಈಚೆಗೇ ನಿಂತಿತ್ತು. ಸಲಕ್ಕೆ 0.8 ಮಿಲಿಮೀಟರು; 1,40,000ದಲ್ಲಿ 320 ಕಿರುಹೆಜ್ಜೆ ಮಾತ್ರ. ನಿಂತ ಮೋಟಾರಿಗೆ ಏಕಾಏಕಿ ಪೂರ್ಣ ವೇಗದ ಮಿಡಿತ ಕೊಟ್ಟಾಗ ಚಕ್ರವು ಜೊತೆಗೂಡಲಾರದೆ, ಹಲ್ಲು ಹಲ್ಲಾಗಿ ಜಾರುತ್ತದೆ. ಒಂದು ಹಲ್ಲಿಗೆ ನಾಲ್ಕು ಹೆಜ್ಜೆ, 0.16 ಮಿಲಿಮೀಟರು, ಐದು ಹಲ್ಲು ಜಾರಿದರೆ 0.8. ಒಂದೊಂದು ಓಲೆಗೆ ಎರಡು ಮಗ್ಗುಲು, ಎರಡು ಓಟ. ಮೊದಲ ಹತ್ತು ಓಲೆಗಳಲ್ಲಿ ಈ ಕೊರತೆ ಓಲೆಯ ಎಡಗಡೆಯ ಬರಿಯ ಅಂಚನ್ನು ನುಂಗಿತು. ಆಮೇಲೆ ಅಕ್ಷರಗಳಿಗೆ ಬಾಯಿ ಹಾಕಿತು. ಅಂಚನ್ನು ಕತ್ತರಿಸಿ ಜೋಡಿಸುವ ಪ್ರೋಗ್ರಾಮು ಎಲ್ಲವನ್ನೂ ಅಂದವಾಗಿ ಮುಚ್ಚಿಹಾಕಿದ್ದರಿಂದ ಯಾರಿಗೂ ಕಾಣಲಿಲ್ಲ.

ಆ ಸಂಜೆ ಒಬ್ಬ ಹುಡುಗ ಕೈಕಟ್ಟಿ ನಿಂತು, "ಗುರುಗಳೇ, ಜಾತ್ರಿ ಹತ್ತಿರ ಬಂತು. ಓಲಿ ಮತ್ತ ಬಿಚ್ಚೂದು ಬ್ಯಾಡ. ಹೋಗಿರೂ ಅಕ್ಷರ ಎರಡು ಮೂರು. ನಿಮಗ ಗೊತ್ತಾಗ್ತಾವಲ್ರೀ, ನೀವ ತುಂಬಿಬಿಡ್ರಿ" ಎಂದನು. ನಾನು ಉತ್ತರ ಕೊಡಲಿಲ್ಲ. ಏಕೆಂದರೆ ಹಿಂದಿನ ರಾತ್ರಿಯೇ ನಾನು ಹಾಗೆ ತುಂಬಿಟ್ಟಿದ್ದೆನು. ಛಂದಸ್ಸು, ಪ್ರಾಸ, ಸಂದರ್ಭ ಮೂರನ್ನೂ ಹಿಡಿದು, ಹದಿನಾಲ್ಕು ಸ್ಥಳಗಳಿಗೆ ಹೊಂದುವ ಅಕ್ಷರಗಳನ್ನು ನೋಟು ಪುಸ್ತಕದಲ್ಲಿ ಬರೆದುಕೊಂಡು, ನನ್ನ ಪಾಂಡಿತ್ಯಕ್ಕೆ ನಾನೇ ಮೆಚ್ಚಿದ್ದೆನು.

ವಿಜ್ಞಾನದ ಮೇಷ್ಟ್ರು ಮಾತ್ರ ಒಪ್ಪಲಿಲ್ಲ. ಇಪ್ಪತ್ತು ಓಲೆಗಳ ಚಿತ್ರವನ್ನು ಮತ್ತೆ ತೆಗೆಯಲೇಬೇಕೆಂದರು. ಮಕ್ಕಳು ಯಂತ್ರವನ್ನು ಮೂರು ವಿಧದಲ್ಲಿ ತಿದ್ದಿದರು. ಮೊದಲನೆಯದಾಗಿ, ಮಿಡಿತಗಳು ನಿಧಾನವಾಗಿ ಆರಂಭವಾಗಿ, ಕ್ರಮವಾಗಿ ವೇಗವೇರಿ, ನಿಲ್ಲುವ ಮುನ್ನ ಕ್ರಮವಾಗಿ ಇಳಿಯುವಂತೆ ಮಾಡಿದರು. ತೇರನ್ನು ಒಮ್ಮೆಲೇ ಜಗ್ಗಿದರೆ ಹಗ್ಗ ಹರಿಯುತ್ತದೆ. ಮೊದಲು ಕದಲಬೇಕು, ಬಳಿಕ ಓಡಬೇಕು. ಎರಡನೆಯದಾಗಿ, ಆರಂಭದ ಸ್ಥಾನದಲ್ಲಿ ಲಿಮಿಟ್ ಸ್ವಿಚ್ ಎಂಬ ಪುಟ್ಟ ಗುಂಡಿ ಕೂಡಿಸಿದರು. ಪ್ರತಿ ಓಟದ ಕೊನೆಗೂ ಹಲಗೆ ಹೋಗಿ ಅದನ್ನು ಮುಟ್ಟಬೇಕು. ಮುಟ್ಟಿದ ಮೇಲೆಯೇ ಲೆಕ್ಕ ಸೊನ್ನೆಯಿಂದ ಆರಂಭ. ನಿನ್ನೆಯ ತಪ್ಪು ಇಂದಿನ ಓಲೆಗೆ ಸಾಗಿ ಬಾರದು. ಮೂರನೆಯದು ನನ್ನ ಸಲಹೆ. ಓಲೆಯ ಮಗ್ಗುಲಲ್ಲಿಯೇ ಅಳತೆಯ ಪಟ್ಟಿಯನ್ನು ಇಟ್ಟು, ಅದೂ ಚಿತ್ರದಲ್ಲಿ ಬೀಳುವಂತೆ ಮಾಡಬೇಕೆಂದೆನು. ಲಿಪಿಕಾರರು ಪ್ರತಿ ಓಲೆಗೂ ಅಂಕಿ ಹಾಕುತ್ತಿದ್ದುದು ಇದಕ್ಕಾಗಿಯೇ ಅಲ್ಲವೇ? ಮುಂದೆ ಯಾರು ನೋಡಿದರೂ ತಪ್ಪಿದ್ದರೆ ಚಿತ್ರವೇ ಸಾಕ್ಷಿ ಹೇಳಬೇಕು.

ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರಿ ಮೃದುಗೊಳಿಸಿದ್ದ ಓಲೆಗಳನ್ನು ಮತ್ತೆ ಒಂದೊಂದಾಗಿ ಮಲಗಿಸಿದೆನು. ಎರಡು ದಿನಗಳಲ್ಲಿ ಇಪ್ಪತ್ತೂ ಆದುವು. ಆ ರಾತ್ರಿ ನೋಟು ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಹೊಸ ಚಿತ್ರಗಳನ್ನು ಓದಿದೆನು. ಹದಿನಾಲ್ಕು ಊಹೆಗಳಲ್ಲಿ ಒಂಬತ್ತು ಸರಿ. ಐದು ತಪ್ಪು. ಐದೂ ಮಾತ್ರೆಗೆ ಹೊಂದುತ್ತಿದ್ದುವು, ಅರ್ಥಕ್ಕೂ ಹೊಂದುತ್ತಿದ್ದುವು, ಆದರೆ ಕವಿಯವಲ್ಲ. ಒಂದು ಕಡೆಯಂತೂ ನಾನು 'ಬಳಿಕ' ಎಂದು ತುಂಬಿದ್ದೆನು, ಓಲೆಯಲ್ಲಿ 'ಮೊದಲು' ಎಂದಿತ್ತು. ಎರಡೂ ಮೂರು ಲಘುಗಳೇ. ಲೆಕ್ಕ ತಪ್ಪಿಲ್ಲ, ಕಥೆಯ ಕ್ರಮವೇ ತಲೆಕೆಳಗಾಗಿದೆ. ಅಕ್ಷರ ಕಳೆದುಹೋಗಿದೆಯೆಂದು ಛಂದಸ್ಸು ಹೇಳಬಲ್ಲದು. ಕಳೆದುಹೋದ ಅಕ್ಷರ ಯಾವುದೆಂದು ಹೇಳಲಾರದು. ಇಷ್ಟು ವರ್ಷ ಪಾಠ ಹೇಳಿದವನಿಗೆ ಈ ಭೇದ ಆ ರಾತ್ರಿ ಹೊಳೆಯಿತು.

ಆಗ ನನ್ನ ಕಣ್ಣ ಮುಂದೆ ಬಂದುದು ಹನ್ನೆರಡನೆಯ ಓಲೆ.

1996ರಲ್ಲಿ, ಸೇವೆಗೆ ಸೇರಿದ ಹೊಸತರಲ್ಲಿ, ಇದೇ ಕಟ್ಟಿನಿಂದ ಹತ್ತು ಪದ್ಯಗಳನ್ನು ನಕಲು ಮಾಡಿ ಆ ವರ್ಷದ ವಾರ್ಷಿಕ ಸಂಚಿಕೆಯಲ್ಲಿ ಪ್ರಕಟಿಸಿದೆನು. ಹಿರಿಯರೆಲ್ಲ ಹೊಗಳಿದರು. ಆದರೆ ಯಾರಿಗೂ ಹೇಳದ ಸಂಗತಿಯೊಂದಿದೆ. ನಕಲು ಮಾಡುವಾಗ ಬಾಗಿದ ಹನ್ನೆರಡನೆಯ ಓಲೆಯನ್ನು ನೇರಗೊಳಿಸಲೆಂದು ಅವಸರದಿಂದ ಹೆಬ್ಬೆರಳಿನಿಂದ ಒತ್ತಿದೆನು. ಬಲದಂಚು ಸದ್ದಿಲ್ಲದೆ ಮುರಿದು, ಬೆರಳ ತುದಿಯಲ್ಲಿ ಪುಡಿಯಾಯಿತು. ಅದರಲ್ಲಿ ಮೂರಕ್ಷರಗಳಿದ್ದುವು, ನಾನಿನ್ನೂ ಅವನ್ನು ಓದಿರಲಿಲ್ಲ. ಪುಡಿಯನ್ನು ಬಟ್ಟೆಯಿಂದ ಒರೆಸಿದೆನು. ಮಾತ್ರೆ ಎಣಿಸಿ, ಹೊಂದುವ ಮೂರಕ್ಷರಗಳನ್ನು ನಾನೇ ಇಟ್ಟೆನು. ಊಹೆಯೆಂದು ಕಂಸ ಹಾಕುವುದು ಸಂಪಾದನ ಶಾಸ್ತ್ರದ ಮೊದಲ ನಿಯಮ. ನಾನು ಹಾಕಲಿಲ್ಲ. ಹಾಕಿದ್ದರೆ ಓಲೆ ಏಕೆ ಮುರಿಯಿತೆಂದು ಯಾರಾದರೂ ಕೇಳಿಯಾರೆಂಬ ಭಯ.

ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗರಿಗಳನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಕಥೆಯನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಹೇಳುವಾಗಲೆಲ್ಲ ಆ ಬಲದಂಚು ನೆನಪಾಗುತ್ತಿತ್ತು. ಮೋಟಾರು ಕಳೆದುದು ಹೆಜ್ಜೆಗಳನ್ನು. ಓಲೆ ಉಳಿದಿತ್ತು, ಮತ್ತೆ ಚಿತ್ರ ತೆಗೆಯಲಾಯಿತು. ನಾನು ಕಳೆದುದನ್ನು ಮತ್ತೆ ತೆಗೆಯಲಾಗದು.

ಮರುದಿನ ಚಿತ್ರಸಂಪುಟವನ್ನು ಅಣಿಗೊಳಿಸುವಾಗ ಹುಡುಗಿ ಹನ್ನೆರಡನೆಯ ಓಲೆಯ ಚಿತ್ರವನ್ನು ಹಿಗ್ಗಿಸಿ ತೋರಿಸಿದಳು. "ಗುರುಗಳೇ, ಈ ಮುರಿದ ಅಂಚಿನ ಬಣ್ಣ ಬ್ಯಾರೆ ಐತ್ರೀ. ಉಳಿದ ಅಂಚೆಲ್ಲ ಕಪ್ಪಗೈತಿ, ಇದು ತಿಳಿ ಐತಿ. ಇದು ಇತ್ತೀಚಿಗೆ ಮುರಿದದ್ದೇನ್ರೀ?" ಎಂದು ಕೇಳಿದಳು. ಹೌದೆಂದೋ ಇಲ್ಲವೆಂದೋ ಹೇಳಿ ಮುಗಿಸಬಹುದಿತ್ತು. "ನಾನೇ ಮುರಿದದ್ದು ತಂಗೀ" ಎಂದೆನು. ನಡೆದುದನ್ನೆಲ್ಲ ಮೂವರಿಗೂ ಹೇಳಿದೆನು. ಅವರು ಏನೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಷರ ತುಂಬಿಬಿಡಿ ಎಂದಿದ್ದ ಹುಡುಗನು, "ಹಂಗಾರ ಸಂಪುಟದಾಗ ಅದನ್ನೂ ಬರೀಬೇಕೇನ್ರೀ?" ಎಂದು ಕೇಳಿದನು. ಬರೆಯಬೇಕೆಂದೆನು. ಅವನೇ ಬೆರಳಚ್ಚು ಮಾಡಿದನು. ಅದೇ ಪುಟದ ಕೆಳಗೆ, 41ರಿಂದ 60ರ ಓಲೆಗಳ ಮೊದಲ ಚಿತ್ರಗಳು ಏಕೆ ದೋಷಯುಕ್ತವಾದುವು, ಎಂದು ಮತ್ತೆ ತೆಗೆಯಲಾಯಿತು ಎಂಬುದನ್ನೂ ತಾನಾಗಿಯೇ ಸೇರಿಸಿದನು. ಜಾತ್ರೆಯ ದಿನ ಶ್ರೀಗಳವರು ಸಂಪುಟದ ಮುದ್ರಿತ ಪ್ರತಿಯನ್ನು ತೆರೆದಾಗ ಮೊದಲು ಓದಿದುದು ಆ ಪುಟವನ್ನೇ. ಓದಿ, ನನ್ನ ಕಡೆ ನೋಡಿ, ತಲೆದೂಗಿ, ಮುಂದಿನ ಪುಟ ತಿರುವಿದರು.

ಇನ್ನು ಎರಡು ಬಿನ್ನಹಗಳು. ಮೊದಲನೆಯದು ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ. ತಮ್ಮ ಮನೆಯ ಅಟ್ಟದ ಮೇಲೆ, ದೇವರ ಕೋಣೆಯಲ್ಲಿ, ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಓಲೆಗರಿಯ ಕಟ್ಟೇನಾದರೂ ಇದ್ದರೆ, ಅದನ್ನು ಬಿಚ್ಚದೆ, ಒತ್ತದೆ, ಇದ್ದಂತೆಯೇ ಶಾಲೆಗೆ ತನ್ನಿರಿ. ಕೊಡಬೇಕಾಗಿಲ್ಲ, ತೋರಿಸಿದರೆ ಸಾಕು. ಮಕ್ಕಳು ಚಿತ್ರ ತೆಗೆದು, ಅದೇ ಬಟ್ಟೆಯಲ್ಲಿ ಸುತ್ತಿ, ಚಿತ್ರಗಳ ಪ್ರತಿಯೊಡನೆ ಹಿಂದಿರುಗಿಸುವರು. ತಾವು ಎದುರಿಗೇ ಕುಳಿತು ನೋಡಬಹುದು.

ಎರಡನೆಯದು, 1996ರ ಸಂಚಿಕೆಯನ್ನು ಇಟ್ಟುಕೊಂಡಿರುವವರಿಗೆ. ನನ್ನ ಹೆಸರಿನಲ್ಲಿ ಅಚ್ಚಾದ ಹತ್ತು ಪದ್ಯಗಳಲ್ಲಿ ಏಳನೆಯ ಪದ್ಯ, ಅದರ ನಾಲ್ಕನೆಯ ಪಾದ. ಕೊನೆಯ ಮೂರಕ್ಷರಗಳು ಕವಿಯವಲ್ಲ, ನನ್ನವು. ದಯವಿಟ್ಟು ಅವುಗಳ ಸುತ್ತ ಕಂಸ ಹಾಕಿಕೊಳ್ಳಬೇಕೆಂದು ಪ್ರಾರ್ಥನೆ.